ಕಿವಿ ‘ಸೆವಿ’ಯಾದ ಬಗೆ

ಕನ್ನಡಿಗರ ‘ಕಿವಿ’ ತೆಲುಗು ಸೀಮೆಗೆ ಹೋದರೆ ‘ಚೆವಿ’ಯಾಗುತ್ತದೆ. ಮಲಯಾಳದಲ್ಲೂ ಅದು ‘ಚೆವಿ’ಯೇ. ತಮಿಳಿನಲ್ಲಿ ಅದೇ ಪದ ‘ಸೆವಿ’. ದಿನನಿತ್ಯದ ಮಾತಿನಲ್ಲಿ ತಮಿಳರು ‘ಕಾದು’ ಎನ್ನುವುದೇ ಹೆಚ್ಚಾದರೂ ಬರಹದಲ್ಲಿ ‘ಸೆವಿ’ ಇನ್ನೂ ಬಳಕೆಯಲ್ಲಿದೆ. ನಮ್ಮ ‘ಕೆರೆ’ ತೆಲುಗರಿಗೆ ‘ಚೆರುವು’, ಮಲಯಾಳಿಗಳಿಗೆ ‘ಚಿರ’. ನಮ್ಮ ‘ಕೆಮ್ಮಣ್ಣು’ ತಮಿಳರ ‘ಸೆಮ್ಮಣ್’. ನಮ್ಮ ‘ಕೆಂದಾವರೆ’ ಅವರ ‘ಸೆಂದಾಮರೈ’. ನಮ್ಮ ‘ಕಿರು’ ಅವರ ‘ಸಿರು’. ಹಳ್ಳಿಗಳಲ್ಲಿ ಇಂದಿಗೂ ‘ಹೊಲ ಗೇಯುವುದು’ ಎನ್ನುತ್ತಾರಲ್ಲ, ಆ ಮಾತಿನ ಹಳೆಯ ರೂಪ ‘ಕೆಯ್’, ‘ಗೆಯ್’. ಮಾಡು ಎಂಬ ಅರ್ಥದ ಅದೇ ಧಾತು ತಮಿಳಿನಲ್ಲಿ ‘ಸೆಯ್’, ತೆಲುಗಿನಲ್ಲಿ ‘ಚೇಯು’.

ಇಷ್ಟೊಂದು ಪದಗಳಲ್ಲಿ ಒಂದೇ ಬಗೆಯ ವ್ಯತ್ಯಾಸ ಕಾಣಿಸುವುದು ಆಕಸ್ಮಿಕವಾಗಿರಲಾರದು. ಹಾಗಾದರೆ ಮೂರರಲ್ಲಿ ಮೂಲ ಯಾವುದು? ಬದಲಾಯಿಸಿದವರು ಯಾರು? ಈ ಪ್ರಶ್ನೆ ಎತ್ತಿದ ಕೂಡಲೇ ಎರಡು ಸಿದ್ಧ ಉತ್ತರಗಳು ಕೇಳಿಬರುತ್ತವೆ. ‘ನಮ್ಮದೇ ಮೂಲ, ಮಿಕ್ಕವರು ಕೆಡಿಸಿಕೊಂಡರು’ ಎಂಬುದು ಒಂದು. ‘ಜನಸಾಮಾನ್ಯರಿಗೆ ಸರಿಯಾಗಿ ಉಚ್ಚರಿಸಲು ಬಾರದು, ಹೀಗಾಗಿ ಪದಗಳು ಹಾಳಾಗುತ್ತವೆ’ ಎಂಬುದು ಇನ್ನೊಂದು. ಎರಡರಲ್ಲೂ ‘ಕೆಡುವುದು’ ಎಂಬ ಭಾವನೆ ಇದೆ. ಆದರೆ ಕಕಾರವು ಚಕಾರವಾಗಿ, ಅಲ್ಲಿಂದ ಸಕಾರವಾಗಿ ಜಾರುವ ಈ ಹಾದಿಯನ್ನು ಸ್ವಲ್ಪ ದೂರ ಹಿಂಬಾಲಿಸಿದರೆ ಕಾಣುವುದು ಕೇಡಲ್ಲ, ಕಟ್ಟುನಿಟ್ಟಾದ ಒಂದು ಕ್ರಮ. ಆ ಕ್ರಮ ದಕ್ಷಿಣ ಭಾರತಕ್ಕೆ ಮಾತ್ರ ಸೇರಿದ್ದಲ್ಲ. ರೋಮಿನ ಚಕ್ರವರ್ತಿಯ ಹೆಸರಿಗೂ ನಮ್ಮ ಕಿವಿಗೂ ಒದಗಿದ ಗತಿ ಒಂದೇ.

ಬಾಯೊಳಗಿನ ಹಾದಿ

ಇದನ್ನು ತಿಳಿಯಲು ಯಾವ ಉಪಕರಣವೂ ಬೇಡ. ‘ಕೂ’ ಎಂದು ಒಮ್ಮೆ, ‘ಕೀ’ ಎಂದು ಒಮ್ಮೆ ನಿಧಾನವಾಗಿ ಹೇಳಿ ನೋಡಿ. ‘ಕೂ’ ಎನ್ನುವಾಗ ನಾಲಗೆಯ ಹಿಂಭಾಗ ಬಾಯಿಯ ತೀರ ಒಳಗೆ, ಮೃದುವಾದ ಅಂಗುಳನ್ನು ಮುಟ್ಟುತ್ತದೆ. ‘ಕೀ’ ಎನ್ನುವಾಗ ಮುಟ್ಟುವ ಜಾಗ ಗಣನೀಯವಾಗಿ ಮುಂದಕ್ಕೆ ಬಂದಿರುತ್ತದೆ. ಕಾರಣ ಸರಳ. ‘ಈ’ ಎಂಬ ಸ್ವರಕ್ಕೆ ನಾಲಗೆಯ ನಡುಭಾಗ ಗಟ್ಟಿಯಾದ ಅಂಗುಳಿನ ಕಡೆ, ಅಂದರೆ ತಾಲುವಿನ ಕಡೆ, ಏಳಬೇಕು. ಬರಲಿರುವ ಸ್ವರಕ್ಕೆ ಸಿದ್ಧವಾಗುತ್ತಲೇ ನಾಲಗೆ ವ್ಯಂಜನವನ್ನು ಉಚ್ಚರಿಸುತ್ತದೆ. ಹೀಗಾಗಿ ‘ಕಿ’, ‘ಕೆ’ಗಳಲ್ಲಿರುವ ಕಕಾರ ‘ಕ’, ‘ಕು’ಗಳಲ್ಲಿರುವ ಕಕಾರದಷ್ಟು ಒಳಗಿನದಲ್ಲ.

ನಮ್ಮ ಪ್ರಾಚೀನ ಶಿಕ್ಷಾಶಾಸ್ತ್ರಕಾರರು ಇದನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಿದ್ದರೆಂದರೆ, ಇಕಾರ, ಚವರ್ಗ, ಯಕಾರ, ಶಕಾರ ಇವೆಲ್ಲವನ್ನೂ ಅವರು ‘ತಾಲವ್ಯ’ ಎಂಬ ಒಂದೇ ಹೆಸರಿನ ಕೆಳಗೆ ತಂದರು. ಇವೆಲ್ಲ ಹುಟ್ಟುವ ಸ್ಥಾನ ಒಂದೇ. ಹಾಗಾಗಿ ಇಕಾರದ ನೆರೆಗೆ ಬಂದ ಕಕಾರವು ಚಕಾರದ ಕಡೆ ವಾಲುವುದು ವಿಚಿತ್ರವೇನಲ್ಲ. ನಾಲಗೆ ತಾಲುವಿಗೆ ಅಗಲವಾಗಿ ಒತ್ತಿಕೊಂಡಾಗ ಅದನ್ನು ಒಂದೇ ಸಲಕ್ಕೆ ಬಿಡಿಸುವುದು ಕಷ್ಟ. ಬಿಡಿಸುವಾಗ ಸಣ್ಣ ಸಂದಿನಲ್ಲಿ ಉಸಿರು ನುಸುಳಿ ‘ಶ್’ ಎಂಬ ಸದ್ದು ಸೇರಿಕೊಳ್ಳುತ್ತದೆ. ಚಕಾರವೆಂದರೆ ಹೀಗೆ ಮೊದಲು ತಡೆದು, ಅನಂತರ ಉಜ್ಜುತ್ತ ಬಿಡುವ ಧ್ವನಿ. ಕಾಲಕ್ರಮದಲ್ಲಿ ಮೊದಲಿನ ತಡೆಯೂ ಸಡಿಲವಾದರೆ ಉಳಿಯುವುದು ಉಜ್ಜುವ ಸದ್ದು ಮಾತ್ರ. ಅದೇ ಶಕಾರ ಅಥವಾ ಸಕಾರ.

ಕ-ದಿಂದ ಮ-ವರೆಗಿನ ವರ್ಣಗಳನ್ನು ಹಿಂದಿನವರು ‘ಸ್ಪರ್ಶ’ಗಳೆಂದರು; ನಾಲಗೆ ಅಥವಾ ತುಟಿ ಮುಟ್ಟಿ ಬಿಡುವ ಧ್ವನಿಗಳು ಅವು. ಶ, ಷ, ಸ, ಹಗಳನ್ನು ‘ಊಷ್ಮ’ಗಳೆಂದರು, ಊಷ್ಮವೆಂದರೆ ಬಿಸಿಯುಸಿರು, ಆವಿ. ನಾವು ಇಲ್ಲಿ ನೋಡುತ್ತಿರುವ ಬದಲಾವಣೆಯನ್ನು ಅವರ ಮಾತಿನಲ್ಲೇ ಹೇಳುವುದಾದರೆ, ಸ್ಪರ್ಶವು ಊಷ್ಮವಾಗುವ ಪ್ರಕ್ರಿಯೆ ಅದು. ನಡುವೆ ಒಂದೆರಡು ತಂಗುದಾಣಗಳಿವೆ. ಚಕಾರ ಒಂದು, ‘ತ್ಸ’ ಇನ್ನೊಂದು. ತೆಲುಗರು ‘ಚಾಲಾ’ ಎಂಬ ಪದವನ್ನು ‘ತ್ಸಾಲಾ’ ಎಂದು ಉಚ್ಚರಿಸುವುದನ್ನೂ, ಮರಾಠಿಯವರು ‘ಚಾಕ’ವನ್ನು ‘ತ್ಸಾಕ್’ ಎನ್ನುವುದನ್ನೂ ಗಡಿಭಾಗದ ಓದುಗರು ಕೇಳಿಯೇ ಇರುತ್ತಾರೆ.

ನಿಯಮ ಮತ್ತು ಅಪವಾದ

ನಾಲಗೆ ಮುಂದಕ್ಕೆ ಜಾರಿದ್ದೇ ಕಾರಣವಾದರೆ, ಜಾರುವ ಸಂದರ್ಭವಿಲ್ಲದ ಕಡೆ ಕಕಾರ ಹಾಗೆಯೇ ಉಳಿದಿರಬೇಕು. ಉಳಿದಿದೆ. ಕನ್ನಡದ ‘ಕಣ್ಣು’ ತಮಿಳಿನಲ್ಲಿ ‘ಕಣ್’, ತೆಲುಗಿನಲ್ಲಿ ‘ಕನ್ನು’. ‘ಕಾಲು’ ತಮಿಳಿನಲ್ಲಿ ‘ಕಾಲ್’, ತೆಲುಗಿನಲ್ಲೂ ‘ಕಾಲು’. ಇಲ್ಲೆಲ್ಲ ಕಕಾರದ ಮುಂದಿರುವುದು ಅಕಾರ, ಆಕಾರಗಳು, ಇ, ಎಗಳಲ್ಲ. ‘ಕೈ’ ಎಂಬ ಪದವಂತೂ ಒಂದು ಒಳ್ಳೆಯ ಪರೀಕ್ಷೆ. ತಮಿಳಿನಲ್ಲಿ ಅದು ‘ಕೈ’. ಆ ಐಕಾರ ಶುರುವಾಗುವುದು ಅಕಾರದಿಂದ, ಆದ್ದರಿಂದ ಕಕಾರಕ್ಕೆ ಏನೂ ಆಗಲಿಲ್ಲ. ತೆಲುಗಿನಲ್ಲಿ ಅಲ್ಲಿನ ಸ್ವರ ಎಕಾರದತ್ತ ಸರಿಯಿತು. ಸರಿದದ್ದೇ ತಡ, ಪದ ‘ಚೆಯ್ಯಿ’ ಆಯಿತು.

ಇದಕ್ಕಿಂತಲೂ ಕುತೂಹಲಕಾರಿಯಾದುದು ಅಪವಾದಗಳ ಸಂಗತಿ. ತಮಿಳಿನಲ್ಲಿ ‘ಕೇಳ್’ ಎಂಬುದು ‘ಸೇಳ್’ ಆಗಿಲ್ಲ. ‘ಕಿಳಿ’ (ನಮ್ಮ ಗಿಳಿ) ‘ಸಿಳಿ’ಯಾಗಿಲ್ಲ. ‘ಕೆಟ್ಟ’ ಎಂಬುದು ನಮ್ಮಂತೆಯೇ ‘ಕೆಟ್ಟ’. ಇಲ್ಲಿ ಇ, ಎ, ಏಗಳಿದ್ದೂ ಕಕಾರ ಏಕೆ ಉಳಿಯಿತು? ಮುಂದಿನ ವ್ಯಂಜನವನ್ನು ನೋಡಿ: ಳ, ಟ. ಇವು ನಾಲಗೆಯನ್ನು ಹಿಂದಕ್ಕೆ ಮಡಿಚಿ ಉಚ್ಚರಿಸುವ ಮೂರ್ಧನ್ಯ ವರ್ಣಗಳು. ಮುಂದಕ್ಕೆ ಹೋಗಬೇಕೆಂದಿದ್ದ ನಾಲಗೆಯನ್ನು ಮೂರ್ಧನ್ಯವು ಹಿಂದಕ್ಕೆ ಎಳೆದಿದೆ, ಕಕಾರ ಬದುಕಿಕೊಂಡಿದೆ. ಮಲಯಾಳದಲ್ಲೂ ಹೀಗೆಯೇ. ಆದರೆ ತೆಲುಗು ಈ ಅಪವಾದವನ್ನು ಒಪ್ಪಲಿಲ್ಲ. ನಮ್ಮ ‘ಕೆಡು’ ಅಲ್ಲಿ ‘ಚೆಡು’, ಗಿಳಿ ಅಲ್ಲಿ ‘ಚಿಲುಕ’. ತೆಲುಗಿನಲ್ಲಿ ಬದಲಾವಣೆ ಬೇರೆಯಾಗಿ, ಇನ್ನೂ ವ್ಯಾಪಕವಾಗಿ ನಡೆದಿದೆ ಎಂಬುದು ಇದರಿಂದಲೇ ತಿಳಿಯುತ್ತದೆ. ದ್ರಾವಿಡ ಭಾಷೆಗಳ ವಿದ್ವಾಂಸ ಟಿ. ಬರೋ 1943ರಲ್ಲಿ ಪದಾದಿಯ ಕಕಾರದ ಈ ಚರಿತ್ರೆಯನ್ನು ಸವಿಸ್ತಾರವಾಗಿ ಪರಿಶೀಲಿಸಿದರು.

ಚಕಾರವೇ ಮೂಲವಾಗಿದ್ದು ಕನ್ನಡವೇ ಅದನ್ನು ಕಕಾರ ಮಾಡಿಕೊಂಡಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಹಾಗಿದ್ದಿದ್ದರೆ ಕನ್ನಡದಲ್ಲಿ ‘ಚಿಗುರು’ ಕೂಡ ‘ಕಿಗುರು’ ಆಗಬೇಕಿತ್ತು. ಆಗಿಲ್ಲ. ತೆಲುಗಿನಲ್ಲೂ ಅದು ‘ಚಿಗುರು’. ಅಂದರೆ ಕನ್ನಡದಲ್ಲಿ ಕಿ-ಯೂ ಇದೆ, ಚಿ-ಯೂ ಇದೆ. ಎರಡನ್ನೂ ಅದು ಬೇರೆಬೇರೆಯಾಗಿ ಕಾಪಾಡಿಕೊಂಡಿದೆ. ಬೆರೆಸಿಕೊಂಡದ್ದು ನೆರೆಯ ಭಾಷೆಗಳು. ಮೇಲಾಗಿ ಕೊಡವರ ‘ಕೆವಿ’, ತುಳುವರ ‘ಕೆಬಿ’, ದೂರದ ಗೊಂಡರ ‘ಕೆವಿ’ ಇವೆಲ್ಲ ಕಕಾರದ ಪರವಾಗಿಯೇ ಸಾಕ್ಷಿ ಹೇಳುತ್ತವೆ. ಈ ಒಂದು ವಿಷಯದಲ್ಲಿ ಕನ್ನಡ ಹಳೆಯದನ್ನು ಉಳಿಸಿಕೊಂಡಿದೆ ಎಂಬುದರಲ್ಲಿ ಸಂದೇಹವಿಲ್ಲ. ಇದಕ್ಕೆ ಹೆಮ್ಮೆಪಡಬೇಕೇ ಎಂಬ ಪ್ರಶ್ನೆಗೆ ಕೊನೆಯಲ್ಲಿ ಬರೋಣ.

ಸೀಸರನ ಹೆಸರು

ಈಗ ಯೂರೋಪಿನ ಕಡೆ ನೋಡೋಣ. ಇಂಗ್ಲಿಷ್ ಕಲಿಯುವ ಪ್ರತಿ ಮಗುವನ್ನೂ ಕಾಡುವ ಪ್ರಶ್ನೆಯೊಂದಿದೆ. ‘ಸಿ’ ಎಂಬ ಒಂದೇ ಅಕ್ಷರ ‘ಕ್ಯಾಟ್’ನಲ್ಲಿ ಕಕಾರ, ‘ಸಿಟಿ’ಯಲ್ಲಿ ಸಕಾರ ಏಕೆ? ಮೇಷ್ಟರು ನಿಯಮವನ್ನೇನೋ ಹೇಳುತ್ತಾರೆ: ಮುಂದೆ ‘ಇ’, ‘ಐ’, ‘ವೈ’ ಅಕ್ಷರಗಳಿದ್ದರೆ ಸಕಾರ, ಇಲ್ಲದಿದ್ದರೆ ಕಕಾರ. ನಿಯಮ ಏಕೆ ಹಾಗಿದೆಯೆಂದು ಹೇಳುವುದಿಲ್ಲ. ‘ಕಿವಿ–ಸೆವಿ’ಯ ಕಥೆ ಗೊತ್ತಿದ್ದವರಿಗೆ ಉತ್ತರ ಸುಲಭ.

ಪ್ರಾಚೀನ ಲ್ಯಾಟಿನ್ನಿನಲ್ಲಿ ಆ ಅಕ್ಷರಕ್ಕೆ ಒಂದೇ ಉಚ್ಚಾರ, ಕಕಾರ. ನಾವು ಸೀಸರ್ ಎನ್ನುವ ಜೂಲಿಯಸ್‌ನನ್ನು ಅವನ ಕಾಲದ ರೋಮನರು ‘ಕೈಸರ್’ ಎನ್ನುತ್ತಿದ್ದರು. ಸಿಸೆರೋ ಅವರಿಗೆ ‘ಕಿಕೆರೊ’. ಇದು ಊಹೆಯಲ್ಲ. ಆ ಕಾಲದ ಗ್ರೀಕರು ಈ ಹೆಸರುಗಳನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡಾಗ ಕಕಾರವನ್ನೇ ಬಳಸಿದ್ದಾರೆ. ಜರ್ಮನರು ಲ್ಯಾಟಿನ್ನಿನಿಂದ ಬಲು ಹಿಂದೆಯೇ ಎರವಲು ಪಡೆದ ಪದಗಳಲ್ಲೂ ಕಕಾರವೇ ಇದೆ: ಚಕ್ರವರ್ತಿ ‘ಕೈಸರ್’, ನೆಲಮಾಳಿಗೆ ‘ಕೆಲ್ಲರ್’. ಗ್ರೀಕರಿಂದ ಪೂರ್ವದೇಶಗಳಿಗೆ ಬಂದ ಆ ಹೆಸರು ಅರಬ್ಬಿ, ಪಾರಸಿಗಳಲ್ಲಿ ‘ಕೈಸರ್’ ಆಗಿಯೇ ನಿಂತಿತು. ವಿಕ್ಟೋರಿಯಾ ರಾಣಿಯನ್ನು 1877ರ ದೆಹಲಿ ದರ್ಬಾರಿನಲ್ಲಿ ಭಾರತದ ಚಕ್ರವರ್ತಿನಿಯೆಂದು ಸಾರಿದಾಗ ಅದಕ್ಕೆ ಆರಿಸಿದ ದೇಶೀ ಬಿರುದು ‘ಕೈಸರ್-ಎ-ಹಿಂದ್’. ಅದೇ ಹೆಸರಿನ ಪದಕವನ್ನು ಗಾಂಧೀಜಿ 1915ರಲ್ಲಿ ಪಡೆದು 1920ರಲ್ಲಿ ಹಿಂದಿರುಗಿಸಿದರು. ಹೀಗೆ, ಇಂಗ್ಲಿಷರು ಸ್ವತಃ ‘ಸೀಸರ್’ ಎನ್ನುತ್ತಿದ್ದ ಹೆಸರಿನ ಹಳೆಯ ರೂಪ ಅವರ ರಾಣಿಯ ಬಿರುದಿನಲ್ಲಿ ಏಷ್ಯದ ಮೂಲಕ ಸುತ್ತಿ ಬಂದು ಕುಳಿತಿತ್ತು.

ಇತ್ತ ರೋಮ್ ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಜನರ ಆಡುಮಾತಿನಲ್ಲಿ ಇ, ಎಗಳ ಹಿಂದಿನ ಕಕಾರ ಜಾರತೊಡಗಿತು. ಇಟಲಿಯಲ್ಲಿ ಅದು ಚಕಾರಕ್ಕೆ ಬಂದು ನಿಂತಿತು. ಅಲ್ಲಿ ಸೀಸರನ ಹೆಸರು ‘ಚೇಸರೆ’. ಫ್ರಾನ್ಸಿನಲ್ಲಿ ‘ತ್ಸ’ ಎಂಬ ಮೆಟ್ಟಿಲನ್ನು ದಾಟಿ ಸಕಾರವಾಯಿತು. ಅಲ್ಲಿ ಅವನು ‘ಸೆಜಾರ್’. ಸ್ಲಾವ್ ಜನರು ಈ ಪದವನ್ನು ಜರ್ಮನ್ ಬಳಗದವರಿಂದ ಕಕಾರದೊಡನೆಯೇ ಪಡೆದು, ತಮ್ಮದೇ ಭಾಷಾನಿಯಮದಂತೆ ‘ತ್ಸ’ ಮಾಡಿಕೊಂಡರು. ರಷ್ಯದ ದೊರೆಗಳ ‘ತ್ಸಾರ್’ ಎಂಬ ಬಿರುದು ಅದರ ಮೊಟಕಾದ ರೂಪ. 1066ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳೂ ಫ್ರೆಂಚರ ಬರವಣಿಗೆಯ ಪದ್ಧತಿಯೂ ಅಲ್ಲಿಗೆ ಹೋದವು. ಮಗುವನ್ನು ಕಾಡುವ ‘ಸಿಟಿ’ಯ ಸಕಾರ ಅಲ್ಲಿಂದ ಬಂದದ್ದು. ಉಚ್ಚಾರ ಮುಂದೆ ಹೋಯಿತು, ಅಕ್ಷರ ನಿಂತಲ್ಲೇ ನಿಂತಿತು.

ಇಂಗ್ಲಿಷಿನ ಸ್ವಂತ ನಾಲಗೆಯೂ ಇದೇ ಹಾದಿಯನ್ನು ಬೇರೆಯಾಗಿ ತುಳಿದಿದೆ. ಗಲ್ಲಕ್ಕೆ ಜರ್ಮನರು ‘ಕಿನ್’ ಎಂದರೆ ಇಂಗ್ಲಿಷರು ‘ಚಿನ್’ ಎನ್ನುತ್ತಾರೆ. ಜರ್ಮನರ ‘ಕೇಸೆ’ ಇಂಗ್ಲಿಷಿನಲ್ಲಿ ‘ಚೀಸ್’. ಕನ್ನಡ–ತೆಲುಗುಗಳ ‘ಕಿವಿ–ಚೆವಿ’ಯ ಪಕ್ಕದಲ್ಲಿ ಈ ಜೋಡಿಗಳನ್ನಿಟ್ಟರೆ ವ್ಯತ್ಯಾಸವೇ ತಿಳಿಯದು.

ನಮ್ಮ ಕನ್ನಡದ ಹಾಗೆ ಕಕಾರವನ್ನು ಬಿಡದೆ ಹಿಡಿದುಕೊಂಡವರು ಅಲ್ಲಿಯೂ ಇದ್ದಾರೆ. ಇಟಲಿಯ ಪಶ್ಚಿಮಕ್ಕಿರುವ ಸಾರ್ಡಿನಿಯ ದ್ವೀಪದ ಒಳನಾಡಿನ ಜನ ನೂರಕ್ಕೆ ಇಂದಿಗೂ ‘ಕೆಂತು’ ಎನ್ನುತ್ತಾರೆ. ಲ್ಯಾಟಿನ್ನಿನ ‘ಕೆಂತುಮ್’ಗೆ ಇದು ತೀರ ಹತ್ತಿರ. ರೋಮ್ ನಗರ ಇರುವ ಇಟಲಿಯಲ್ಲೇ ಅದು ‘ಚೆಂತೊ’ ಆಗಿದೆ. ಭಾಷೆಯ ಹಳೆಯ ರೂಪ ರಾಜಧಾನಿಯಲ್ಲೇ ಉಳಿಯಬೇಕೆಂದೇನೂ ಇಲ್ಲ; ಅನೇಕ ವೇಳೆ ಅದು ಉಳಿಯುವುದು ಬದಲಾವಣೆಯ ಅಲೆ ತಲುಪದ ಮೂಲೆಗಳಲ್ಲಿ.

ಕಕಾರಕ್ಕೆ ಮಾತ್ರ ಈ ಗತಿ ಎಂದುಕೊಳ್ಳಬಾರದು. ತಕಾರವೂ ಯಕಾರದ ಸಂಗಡ ಸೇರಿದರೆ ಹೀಗೆಯೇ ಜಾರುತ್ತದೆ. ‘ಸ್ಟೇಷನ್’ ಎಂಬ ಪದದಲ್ಲಿ ನಾವು ‘ಷ’ ಎನ್ನುವ ಕಡೆ ಇಂಗ್ಲಿಷ್ ಕಾಗುಣಿತದಲ್ಲಿರುವುದು ‘ಟಿ’ ಅಕ್ಷರ. ಲ್ಯಾಟಿನ್ನಿನಲ್ಲಿ ಅದು ‘ಸ್ತಾತಿಯೊ’. ತಿ-ಯ ಬಳಿ ಸ್ವರ ಬಂದಾಗ ಅದು ‘ತ್ಯ’ದಂತಾಗಿ, ‘ತ್ಸ’ವಾಗಿ, ಫ್ರೆಂಚಿನಲ್ಲಿ ‘ಸ’ವಾಗಿ, ಇಂಗ್ಲಿಷಿನಲ್ಲಿ ‘ಶ’ವಾಯಿತು. ಈ ಕೆಲಸ ಇನ್ನೂ ಮುಗಿದಿಲ್ಲ. ‘ಟ್ಯೂಸ್‌ಡೇ’ ಎಂಬುದನ್ನು ಇಂದು ಎಷ್ಟೋ ಇಂಗ್ಲಿಷರು ‘ಚೂಸ್‌ಡೇ’ ಎನ್ನುತ್ತಾರೆ.

ನೂರರ ಲೆಕ್ಕ

ನೂರು ಎಂಬ ಸಂಖ್ಯೆಯ ಹೆಸರು ಭಾಷಾಶಾಸ್ತ್ರದಲ್ಲಿ ಬಹಳ ಪ್ರಸಿದ್ಧವಾದುದು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಇವು ಒಂದೇ ಮೂಲದಿಂದ ಬಂದಿರಬೇಕೆಂದು ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ 1786ರಲ್ಲಿ ಹೇಳಿದ ಮೇಲೆ, ಈ ಭಾಷೆಗಳ ಧ್ವನಿಗಳನ್ನು ಒಂದಕ್ಕೊಂದು ಹೋಲಿಸುವ ಕೆಲಸ ಭರದಿಂದ ಸಾಗಿತು. ಆಗ ಒಂದು ಸಂಗತಿ ಎದ್ದು ಕಂಡಿತು. ಲ್ಯಾಟಿನ್ನಿನಲ್ಲಿ ‘ಕೆಂತುಮ್’, ಗ್ರೀಕಿನಲ್ಲಿ ‘ಹೆಕಟೊನ್’ ಎಂದು ಕಕಾರವಿರುವ ಕಡೆ ಸಂಸ್ಕೃತದಲ್ಲಿ ‘ಶತಂ’, ಇರಾನಿನ ಅವೆಸ್ತಾ ಭಾಷೆಯಲ್ಲಿ ‘ಸತೆಮ್’, ರಷ್ಯನ್ನಿನಲ್ಲಿ ‘ಸ್ತೊ’. ಹತ್ತು ಲ್ಯಾಟಿನ್ನಿನಲ್ಲಿ ‘ದೆಕೆಮ್’, ಸಂಸ್ಕೃತದಲ್ಲಿ ‘ದಶ’. ನಾಯಿ ಗ್ರೀಕಿನಲ್ಲಿ ‘ಕುಓನ್’, ಸಂಸ್ಕೃತದಲ್ಲಿ ‘ಶ್ವಾನ’. ಮೂಲಭಾಷೆಯಲ್ಲಿ ಸ್ವಲ್ಪ ಮುಂದಕ್ಕೆ ಉಚ್ಚರಿಸುತ್ತಿದ್ದ ಒಂದು ಬಗೆಯ ಕಕಾರವಿದ್ದು, ಕೆಲವು ಶಾಖೆಗಳಲ್ಲಿ ಅದು ಊಷ್ಮವಾಯಿತೆಂದು ವಿದ್ವಾಂಸರು ತೀರ್ಮಾನಿಸಿದರು. ಇಡೀ ಭಾಷಾಕುಟುಂಬವನ್ನು ‘ಕೆಂತುಮ್’ ವರ್ಗ, ‘ಸತೆಮ್’ ವರ್ಗ ಎಂದು ಎರಡಾಗಿ ವಿಂಗಡಿಸಿದರು. ಪಶ್ಚಿಮದವರು ಕಕಾರದವರು, ಪೂರ್ವದವರು ಸಕಾರದವರು ಎಂದು ನಕ್ಷೆಯೂ ಸಿದ್ಧವಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ನಕ್ಷೆ ಕೆಟ್ಟಿತು. ಮಧ್ಯ ಏಷ್ಯದ ತಾರಿಮ್ ಪ್ರದೇಶದ ಮರಳುಗಾಡಿನಲ್ಲಿ, ಇಂದಿನ ಚೀನದ ಪಶ್ಚಿಮ ಭಾಗದಲ್ಲಿ, ಬ್ರಾಹ್ಮೀ ಲಿಪಿಯಲ್ಲಿ ಬರೆದ ಹಸ್ತಪ್ರತಿಗಳು ದೊರೆತವು. ಅವುಗಳಲ್ಲಿ ಬಹುಪಾಲು ಬೌದ್ಧಗ್ರಂಥಗಳು. ಲಿಪಿ ಭಾರತದ್ದು, ಮತ ಭಾರತದ್ದು. ಭಾಷೆ ಮಾತ್ರ ಅಪರಿಚಿತ. 1908ರಲ್ಲಿ ಜೀಗ್ ಮತ್ತು ಜೀಗ್ಲಿಂಗ್ ಎಂಬ ಇಬ್ಬರು ಜರ್ಮನ್ ವಿದ್ವಾಂಸರು ಅದು ಇಂಡೋ-ಯೂರೋಪಿಯನ್ ಬಳಗದ್ದೇ ಎಂದು ತೋರಿಸಿಕೊಟ್ಟರು. ತೊಖಾರಿ ಎಂದು ಹೆಸರಾದ ಆ ಭಾಷೆಯಲ್ಲಿ ನೂರಕ್ಕೆ ‘ಕಂತೆ’ ಎನ್ನುತ್ತಿದ್ದರು. ಎಲ್ಲರಿಗಿಂತ ಪೂರ್ವದಲ್ಲಿದ್ದವರ ಬಾಯಲ್ಲಿ ಕಕಾರ! ಪೂರ್ವ–ಪಶ್ಚಿಮಗಳ ವಿಭಾಗ ಅಲ್ಲಿಗೆ ಬಿದ್ದುಹೋಯಿತು.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಫ್ರೆಂಚರು ನೂರಕ್ಕೆ ‘ಸಾಂ’ ಎನ್ನುತ್ತಾರೆ. ಹಿಂದಿಯವರು ‘ಸೌ’ ಎನ್ನುತ್ತಾರೆ. ಎರಡರಲ್ಲೂ ಸಕಾರವಿರುವುದನ್ನು ಕಂಡು ಈ ಎರಡು ಭಾಷೆಗಳಿಗೆ ಏನೋ ವಿಶೇಷ ನಂಟಿದೆಯೆಂದು ಯಾರಾದರೂ ಹೇಳಿದರೆ ಮೋಸಹೋದಂತೆಯೇ. ಹಿಂದಿಯ ಸಕಾರ ಸಂಸ್ಕೃತದ ಶಕಾರದ ಮೂಲಕ ಬಂದದ್ದು, ವೇದಗಳಿಗಿಂತಲೂ ಹಿಂದಿನ ಬದಲಾವಣೆಯ ಫಲ. ಫ್ರೆಂಚರ ಸಕಾರ ರೋಮ್ ಸಾಮ್ರಾಜ್ಯ ಕುಸಿಯುವ ಹೊತ್ತಿಗೆ ಶುರುವಾದ ಬೇರೆಯದೇ ಬದಲಾವಣೆಯ ಫಲ. ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಎರಡು ಪದ ಕಿವಿಗೆ ಒಂದೇ ತರಹ ಕೇಳಿಸಿದರೆ ಅದು ನೆಂಟಸ್ತಿಕೆಗೆ ಪುರಾವೆಯಲ್ಲ; ಕಿವಿ–ಸೆವಿಗಳಂತೆ ಬೇರೆಬೇರೆಯಾಗಿ ಕೇಳಿಸಿದರೂ ವ್ಯತ್ಯಾಸ ಕ್ರಮಬದ್ಧವಾಗಿದ್ದರೆ ಅದೇ ಗಟ್ಟಿ ಪುರಾವೆ.

ಅಳಿದ ಸ್ವರದ ಗುರುತು

ಸಂಸ್ಕೃತ ಓದಿದವರು ಒಂದು ವಿಚಿತ್ರವನ್ನು ಗಮನಿಸಿರುತ್ತಾರೆ. ಭೂತಕಾಲದ ರೂಪದಲ್ಲಿ ಧಾತುವಿನ ಮೊದಲ ಅಕ್ಷರ ಇಮ್ಮಡಿಯಾಗುತ್ತದೆ. ‘ಪತ್’ ಧಾತುವಿಗೆ ‘ಪಪಾತ’. ಹಾಗೆ ನೋಡಿದರೆ ‘ಗಮ್’ ಧಾತುವಿಗೆ ‘ಗಗಾಮ’ ಎಂದಾಗಬೇಕು. ಆದರೆ ‘ಜಗಾಮ’ ಎನ್ನುತ್ತೇವೆ. ‘ಕೃ’ ಧಾತುವಿಗೆ ‘ಕಕಾರ’ ಎಂದಾಗಬೇಕು. ‘ಚಕಾರ’ ಎನ್ನುತ್ತೇವೆ, ಅಂದರೆ ಮಾಡಿದನು. ಮುಂದಿರುವುದು ಅಕಾರ, ಕಕಾರ ಜಾರುವುದಕ್ಕೆ ಅಲ್ಲಿ ಇ, ಎಗಳೇ ಇಲ್ಲ. ಮತ್ತೇಕೆ ಜಾರಿತು?

ಇದಕ್ಕೆ ಉತ್ತರ ಸಿಕ್ಕಿದ್ದು 1870ರ ದಶಕದಲ್ಲಿ. ಹಲವು ವಿದ್ವಾಂಸರಿಗೆ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊಳೆಯಿತು. ಗ್ರೀಕಿನಲ್ಲಿ ಇಂಥ ಇಮ್ಮಡಿಯ ಅಕ್ಷರದಲ್ಲಿ ಬರುವುದು ಎಕಾರ. ‘ಮತ್ತು’ ಎಂಬ ಅರ್ಥದ ಸಂಸ್ಕೃತದ ‘ಚ’ ಲ್ಯಾಟಿನ್ನಿನಲ್ಲಿ ‘ಕ್ವೆ’. ‘ಪಂಚ’ಕ್ಕೆ ಲ್ಯಾಟಿನ್ನಿನಲ್ಲಿ ‘ಕ್ವಿಂಕ್ವೆ’, ಗ್ರೀಕಿನಲ್ಲಿ ‘ಪೆಂಟೆ’. ಇಂಥ ಕಡೆಗಳಲ್ಲಿ ಸಂಸ್ಕೃತದಲ್ಲಿ ಚಕಾರವಿದ್ದರೆ ಅದರ ಎದುರಿಗೆ ಆ ಭಾಷೆಗಳಲ್ಲಿ ಎಕಾರವಿದೆ. ಅಂದರೆ ಸಂಸ್ಕೃತದಲ್ಲೂ ಒಂದು ಕಾಲಕ್ಕೆ ಅಲ್ಲಿ ಎಕಾರವೇ ಇತ್ತು. ಅದು ಕಕಾರವನ್ನು ಚಕಾರಕ್ಕೆ ಜಾರಿಸಿತು. ಅನಂತರ ಸ್ವತಃ ಅಕಾರದಲ್ಲಿ ಬೆರೆತು ಕಾಣೆಯಾಯಿತು. ಹೋದವರ ಹೆಜ್ಜೆಗುರುತು ಕೆಸರಿನಲ್ಲಿ ಉಳಿಯುವಂತೆ, ಅಳಿದುಹೋದ ಸ್ವರದ ಗುರುತು ವ್ಯಂಜನದಲ್ಲಿ ಉಳಿದಿದೆ.

ಈ ಶೋಧನೆಯ ಪರಿಣಾಮ ದೊಡ್ಡದು. ಅಲ್ಲಿಯವರೆಗೆ ಸಂಸ್ಕೃತದ ಅ, ಇ, ಉಗಳೇ ಮೂಲ ಸ್ವರಗಳು, ಗ್ರೀಕ್–ಲ್ಯಾಟಿನ್‌ಗಳ ಎ, ಒಗಳು ಆಮೇಲಿನವು ಎಂದು ಬಹುಮಂದಿ ತಿಳಿದಿದ್ದರು. ಅದು ತಲೆಕೆಳಗಾಯಿತು. ಸಂಸ್ಕೃತ ಆ ಬಳಗದ ತಾಯಿಯಲ್ಲ, ಹಿರಿಯ ಸಹೋದರಿಯರಲ್ಲಿ ಒಬ್ಬಳು ಎಂಬುದು ಖಚಿತವಾಯಿತು. ಇಂಥ ತೀರ್ಮಾನಕ್ಕೆ ಸಾಕ್ಷಿ ಹೇಳಿದ್ದು ಯಾವ ಶಾಸನವೂ ಅಲ್ಲ, ಮಕ್ಕಳು ಕಂಠಪಾಠ ಮಾಡುವ ‘ಚಕಾರ’, ‘ಜಗಾಮ’ಗಳು. ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಒಂದು ಕುಟುಂಬ ಎಂಬುದನ್ನು ಮದರಾಸಿನ ಎಫ್. ಡಬ್ಲ್ಯು. ಎಲ್ಲಿಸ್ 1816ರಲ್ಲಿ, ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಸಾಧಿಸಿ ತೋರಿಸಿದ್ದೂ ಪದಗಳನ್ನು ಹೀಗೆ ಸಾಲಿಟ್ಟು ಹೋಲಿಸಿಯೇ.

ನಮ್ಮ ಮನೆಯೊಳಗೆ

ಕಕಾರವನ್ನು ಕಾಪಾಡಿಕೊಂಡ ಕನ್ನಡದಲ್ಲಿ ಜಾರುವಿಕೆ ಇಲ್ಲವೇ ಇಲ್ಲವೆಂದಲ್ಲ. ಸಂಸ್ಕೃತದಿಂದ ಪ್ರಾಕೃತಗಳ ಮೂಲಕ ನಮಗೆ ಬಂದ ತದ್ಭವಗಳನ್ನು ನೋಡಿ. ‘ಸಂಧ್ಯಾ’ ನಮ್ಮಲ್ಲಿ ‘ಸಂಜೆ’. ‘ವಂಧ್ಯಾ’ ನಮ್ಮಲ್ಲಿ ‘ಬಂಜೆ’. ಹಳಗನ್ನಡದಲ್ಲಿ ‘ವಿದ್ಯೆ’ಗೆ ‘ಬಿಜ್ಜೆ’, ‘ಉದ್ಯೋಗ’ಕ್ಕೆ ‘ಉಜ್ಜುಗ’, ‘ನಿತ್ಯ’ಕ್ಕೆ ‘ನಿಚ್ಚ’, ‘ಧ್ಯಾನ’ಕ್ಕೆ ‘ಜಾನ’. ಹಿಂದಿಯ ‘ಸಚ್’ ಸಂಸ್ಕೃತದ ‘ಸತ್ಯ’. ‘ಆಜ್’ ಸಂಸ್ಕೃತದ ‘ಅದ್ಯ’. ಇಲ್ಲೆಲ್ಲ ತ, ದ, ಧಗಳ ಮಗ್ಗುಲಲ್ಲಿ ಯಕಾರವಿದೆ. ‘ಸ್ಟೇಷನ್’ನಲ್ಲಿ ಲ್ಯಾಟಿನ್ನಿನ ತಕಾರಕ್ಕೆ ಆದದ್ದೇ ‘ಸಂಜೆ’ಯಲ್ಲಿ ಸಂಸ್ಕೃತದ ಧಕಾರಕ್ಕೆ ಆಗತೊಡಗಿ, ಜಕಾರದಲ್ಲಿ ನಿಂತಿದೆ.

ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂಥ ಪದಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟ. ಅದರ ಹೆಸರು ‘ಅಪಭ್ರಂಶ’, ಅಂದರೆ ಜಾರಿ ಬಿದ್ದದ್ದು. ಹೆಸರಿನಲ್ಲಿ ಕೀಳರಿಮೆಯ ಛಾಯೆ ಇದ್ದರೂ ಅವನು ಮಾಡಿದ ಕೆಲಸ ಬೇರೆ. ಯಾವ ಅಕ್ಷರ ಎಲ್ಲಿ ಏನಾಗುತ್ತದೆ ಎಂಬುದನ್ನು ಸೂತ್ರಗಳಲ್ಲಿ ಕಟ್ಟಿ, ಬಿದ್ದದ್ದರಲ್ಲೂ ನಿಯಮವಿದೆಯೆಂದು ತೋರಿಸಿದ. ಶಕಾರ, ಷಕಾರಗಳು ತದ್ಭವದಲ್ಲಿ ಸಕಾರವಾಗುವುದು ಆ ನಿಯಮಗಳಲ್ಲೊಂದು: ಆಕಾಶ–ಆಗಸ, ಭಾಷೆ–ಬಾಸೆ, ವೇಷ–ವೇಸ, ಶಶಿ–ಸಸಿ.

ಈ ಕೊನೆಯ ನಿಯಮ ನಮ್ಮ ಶಾಲೆಗಳಲ್ಲಿ ಇಂದಿಗೂ ಕಣ್ಣೀರಿಗೆ ಕಾರಣವಾಗುತ್ತದೆ. ಹಳ್ಳಿಯಿಂದ ಬಂದ ಮಗು ‘ಶಂಕರ’ನನ್ನು ‘ಸಂಕರ’ ಎಂದರೆ, ‘ಶಾಂತಿ’ಯನ್ನು ‘ಸಾಂತಿ’ ಎಂದರೆ, ತರಗತಿ ನಗುತ್ತದೆ. ನಗೆಗೆ ಹೆದರಿದ ಮಗು ಇನ್ನೊಂದು ತುದಿಗೆ ಹೋಗಿ ‘ಸಮಯ’ವನ್ನು ‘ಶಮಯ’ ಮಾಡಿಕೊಳ್ಳುತ್ತದೆ. ಮೂಲ ದ್ರಾವಿಡ ಭಾಷೆಯಲ್ಲಿ ಶ, ಷ, ಸಗಳೆಂಬ ಮೂರು ಬಗೆಯಿರಲಿ, ಪ್ರತ್ಯೇಕವಾದ ಸಕಾರವೇ ಇರಲಿಲ್ಲವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆ ಮಗುವಿನ ನಾಲಗೆ ಕೇಶಿರಾಜ ಬರೆದಿಟ್ಟ ನಿಯಮವನ್ನೇ ಪಾಲಿಸುತ್ತಿದೆ. ಬರಹದಲ್ಲಿ ಶ–ಸ ವ್ಯತ್ಯಾಸವನ್ನು ಕಲಿಸಬೇಕು ನಿಜ; ಇಲ್ಲದಿದ್ದರೆ ಅರ್ಥ ಕೆಡುತ್ತದೆ. ಆದರೆ ಕಲಿಸುವುದಕ್ಕೂ ಅಣಕಿಸುವುದಕ್ಕೂ ವ್ಯತ್ಯಾಸವಿದೆ. ‘ಆಗಸ’ವನ್ನು ಕಾವ್ಯದಲ್ಲಿ ಮೆಚ್ಚಿ ‘ಸಾಂತಿ’ಯನ್ನು ತರಗತಿಯಲ್ಲಿ ಹೀಯಾಳಿಸುವುದು ನ್ಯಾಯವಲ್ಲ.

ಸಕಾರದ ಮುಂದೇನು

ಸಕಾರವೂ ಕೊನೆಯ ನಿಲ್ದಾಣವಲ್ಲ. ಹಿಂದಿನವರು ಹಕಾರವನ್ನೂ ಊಷ್ಮಗಳ ಸಾಲಿನಲ್ಲೇ ಇಟ್ಟಿದ್ದು ನೆನಪಿರಲಿ. ನಾಲಗೆ ಇನ್ನಷ್ಟು ಸಡಿಲವಾದರೆ ಸಕಾರದಲ್ಲಿ ಉಳಿಯುವುದು ಬರೀ ಉಸಿರು, ಹಕಾರ. ಸಂಸ್ಕೃತದ ‘ಸೋಮ’ ಇರಾನಿನಲ್ಲಿ ‘ಹೌಮ’, ‘ಅಸುರ’ ‘ಅಹುರ’, ‘ಸಪ್ತ’ ‘ಹಪ್ತ’. ‘ಸಿಂಧು’ ಹೀಗೆಯೇ ‘ಹಿಂದು’ ಆಯಿತು. ಗ್ರೀಕರ ಬಾಯಲ್ಲಿ ಆ ಹಕಾರವೂ ಉದುರಿ ‘ಇಂದೋಸ್’ ಆಯಿತು. ‘ಇಂಡಿಯಾ’ ಅದರಿಂದ ಬಂತು. ನಮ್ಮ ದೇಶದ ಹೆಸರೊಂದು ಸಕಾರ ಕಳೆದುಕೊಂಡು ಹುಟ್ಟಿದೆ. ಸಂಸ್ಕೃತದ ‘ಸಹಸ್ರ’ ಹಳಗನ್ನಡದಲ್ಲಿ ‘ಸಾಸಿರ’, ಇಂದು ‘ಸಾವಿರ’. ತಮಿಳು, ಮಲಯಾಳಗಳಲ್ಲಿ ಮೊದಲಿನ ಸಕಾರವೂ ಬಿದ್ದು ‘ಆಯಿರಂ’. ಅಸ್ಸಾಮಿಯಲ್ಲಿ ಚಹಾದ ಚಕಾರ ಸಕಾರವಾಗಿದೆ. ಅದೇ ಭಾಷೆಯ ಹಳೆಯ ಸಕಾರ ಗಂಟಲ ಕಡೆ ಸರಿದು ಬೇರೊಂದು ಧ್ವನಿಯಾಗಿದೆ. ಒಬ್ಬರು ಎದ್ದ ಜಾಗಕ್ಕೆ ಇನ್ನೊಬ್ಬರು ಬಂದು ಕೂರುತ್ತಾರೆ.

ಈಗ ಹಿಂದೆ ಬಿಟ್ಟ ಪ್ರಶ್ನೆಗೆ ಬರೋಣ. ‘ಕಿವಿ’ಯಲ್ಲಿ ಕಕಾರವನ್ನು ಉಳಿಸಿಕೊಂಡದ್ದಕ್ಕೆ ಕನ್ನಡಿಗರು ಬೀಗಬಹುದೇ? ಬೀಗುವ ಮುನ್ನ ‘ಹಾಲು’ ಎಂಬ ಪದವನ್ನು ನೋಡಬೇಕು. ತಮಿಳರಿಗೆ ಅದು ‘ಪಾಲ್’, ತೆಲುಗರಿಗೆ ‘ಪಾಲು’. ಹಳಗನ್ನಡದಲ್ಲೂ ‘ಪಾಲ್’. ಹತ್ತನೆಯ ಶತಮಾನದಿಂದೀಚೆಗೆ ಪದದ ಮೊದಲಿನ ಪಕಾರವನ್ನು ಹಕಾರ ಮಾಡಿಕೊಂಡವರು ನಾವು. ಕಿವಿಯಲ್ಲಿ ನಾವು ಹಳಬರು, ಹಾಲಿನಲ್ಲಿ ಅವರು ಹಳಬರು. ಎಲ್ಲದರಲ್ಲೂ ಹಳೆಯದಾದ ಭಾಷೆ, ಎಲ್ಲದರಲ್ಲೂ ಶುದ್ಧವಾದ ಭಾಷೆ ಲೋಕದಲ್ಲಿ ಎಲ್ಲಿಯೂ ಇಲ್ಲ. ಒಂದೊಂದು ಭಾಷೆ ಒಂದೊಂದನ್ನು ಉಳಿಸಿಕೊಂಡಿದೆ, ಇನ್ನೊಂದನ್ನು ಬಿಟ್ಟಿದೆ. ಎಲ್ಲರ ಬಳಿ ಉಳಿದದ್ದನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಮೂಲದ ರೂಪ ಮಸುಕಾಗಿಯಾದರೂ ಕಾಣುತ್ತದೆ. ತಮಿಳರ ‘ಸೆವಿ’ ಇಲ್ಲದಿದ್ದರೆ ನಮ್ಮ ‘ಕಿವಿ’ಯ ಹಳಮೆ ನಮಗೇ ಗೊತ್ತಾಗುತ್ತಿರಲಿಲ್ಲ.